ಅಗತ್ಯ ಬಿತ್ತು ಅಂತ ಯಾವ ಜೀನೂ ಬದಲಾಗಲ್ಲ ಪುಟ್ಟಿ

ಪ್ರೀತಿಯ ಪುಟ್ಟಿ,

ಎಂಎಸ್ಸಿ ಪ್ರಾಜೆಕ್ಟಿಗೆ ಹಲ್ಲಿ-ಓತಿಗಳ ಜೆನೆಟಿಕ್ಸ್ ತಗೊಂಡಿದೀಯ ಅಂತ ಓದಿ ತುಂಬಾ ಖುಷಿ ಆಯ್ತು. ಆದ್ರೆ ನಿನ್ನ ಪ್ರಪೋಸಲ್‌ನ ಮೊದಲನೇ ಸಾಲಲ್ಲೇ "ಪರಿಸರಕ್ಕೆ ತಕ್ಕಂತೆ ಓತಿಗಳು ತಮ್ಮ ಜೀನ್ ಬದಲಾಯಿಸಿಕೊಂಡವು" ಅಂತ ಬರೆದಿದೀಯಲ್ಲ, ಅದನ್ನ ಹೊಡೆದು ಹಾಕು ಮಗಳೇ. ನಾನೂ ಕ್ಲಾಸಲ್ಲಿ ಎಷ್ಟೋ ವರ್ಷ ಹಾಗೇ ಹೇಳಿಕೊಟ್ಟೆ, ತಪ್ಪು ಅಂತ ಅರ್ಥ ಆಗೋ ಹೊತ್ತಿಗೆ ಆ ಮಕ್ಕಳೆಲ್ಲ ಪಾಸಾಗಿ ಹೋಗಿದ್ರು, ಆ ಬೇಜಾರು ಇವತ್ತಿಗೂ ಇದೆ. ಒಂದು ಓತಿ ತನ್ನ ಜೀನ್ ತಾನೇ ಬದಲಾಯಿಸಿಕೊಳ್ಳಲ್ಲ. ಗುಂಪಲ್ಲಿ ಮೊದಲೇ ಇದ್ದ ವ್ಯತ್ಯಾಸನೋ, ಆಕಸ್ಮಿಕವಾಗಿ ಜೀನಲ್ಲಿ ಬಂದ ಬದಲಾವಣೆ, ಅಂದ್ರೆ ಮ್ಯುಟೇಶನ್ನೋ, ಯಾವುದು ಬದುಕೋಕೆ ಅನುಕೂಲ ಆಯ್ತೋ ಅದು ಮರಿಗಳಿಗೆ ದಾಟುತ್ತೆ, ಅಷ್ಟೇ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವೈಟ್ ಸ್ಯಾಂಡ್ಸ್ ಅಂತ ಜಿಪ್ಸಮ್ ಮರಳಿನ ದಿಬ್ಬಗಳಿವೆ, ಹಾಲಿನ ಹಾಗೆ ಬಿಳಿ, ಸುತ್ತ ಎಲ್ಲ ಕಂದು ನೆಲ. ಭೂಮಿಯ ಲೆಕ್ಕದಲ್ಲಿ ಎಳೇ ಜಾಗ, ಹತ್ತು ಸಾವಿರ ವರ್ಷದೊಳಗಿನದು. ಸುತ್ತಲಿನ ನೆಲದಲ್ಲಿ ಕಂದಾಗಿರೋ ಮೂರು ಜಾತಿ ಓತಿಗಳು ಅಲ್ಲಿ ಬಿಳಿಚಿಕೊಂಡಿವೆ. ಎರಿಕಾ ರೋಸೆನ್‌ಬ್ಲಮ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯವರು ನೋಡಿದಾಗ ಮೈ ಕಪ್ಪಾಗಿಸೋ ಮೆಲನಿನ್‌ಗೆ ಸಂಬಂಧಪಟ್ಟ ಎಂಸಿ1ಆರ್ ಅನ್ನೋ ಜೀನಲ್ಲಿ ಪ್ರತಿ ಜಾತಿಗೂ ಬೇರೆ ಬೇರೆ ಮ್ಯುಟೇಶನ್ ಸಿಕ್ತು. ಇಲ್ಲಿ ಸ್ವಲ್ಪ ನಿಲ್ಲು, ಯಾಕಂದ್ರೆ ಚಂದ ಇರೋದೇ ಇಲ್ಲಿ. ಸೆಲೊಪೊರಸ್ ಅನ್ನೋ ಓತಿಯಲ್ಲಿ ಆ ಜೀನ್ ಮಾಡೋ ರಿಸೆಪ್ಟರ್, ಅಂದ್ರೆ ಹೊರಗಿನ ಸಿಗ್ನಲ್ ಹಿಡಿಯೋ ಪ್ರೋಟೀನು, ಜೀವಕೋಶದ ಪೊರೆಯಲ್ಲಿ ಸರಿಯಾಗಿ ಕೂರೋದೇ ಇಲ್ಲ, ಉದ್ದ ಬಾಲದ ವಿಪ್‌ಟೇಲ್ ಅನ್ನೋ ಇನ್ನೊಂದು ಓತಿಯಲ್ಲಿ ಕೂರುತ್ತೆ ಆದ್ರೆ ಸಿಗ್ನಲ್ ಒಳಗೆ ಸರಿಯಾಗಿ ದಾಟಿಸಲ್ಲ. ಮೊದಲನೆಯದರಲ್ಲಿ ಬಿಳಿ ಡಾಮಿನೆಂಟ್, ಎರಡನೆಯದರಲ್ಲಿ ರಿಸೆಸಿವ್. ಅಂದ್ರೆ ಒಂದು ಕಡೆ ಬದಲಾದ ಜೀನಿನ ಒಂದೇ ಕಾಪಿ ಇದ್ರೂ ಮೈ ಬಿಳಿಯಾಗಿ ಹಕ್ಕಿ ಕಣ್ಣಿಂದ ತಪ್ಪಿಸಿಕೊಳ್ಳುತ್ತೆ, ಇನ್ನೊಂದು ಕಡೆ ಎರಡು ಕಾಪಿ ಸೇರೋ ತನಕ ಆ ಜೀನ್ ಬಣ್ಣದಲ್ಲಿ ಕಾಣಿಸದೆ ಅಡಗಿರುತ್ತೆ. ಮೂರನೇ ಜಾತಿಯಲ್ಲಂತೂ ಸಿಕ್ಕ ಮ್ಯುಟೇಶನ್‌ನಿಂದ ರಿಸೆಪ್ಟರ್ ಕೆಲಸ ಕೆಟ್ಟಂತೆ ಲ್ಯಾಬಲ್ಲಿ ಕಾಣಲೇ ಇಲ್ಲ. ಹಾಗಾಗಿ ಜೀನ್ ಹೆಸರು ಒಂದೇ ಸಿಕ್ತು ಅಂತ ಕಥೆ ಒಂದೇ ಅಂದುಕೋಬೇಡ.

ಇನ್ನೊಂದು ವಿಷಯ. ಕಣ್ಣಿಗೆ ಕಂಡ ಬದಲಾವಣೆ ಎಲ್ಲ ಜೀನಿಂದಲೇ ಅಂತ ಮೊದಲೇ ತೀರ್ಮಾನ ಮಾಡಬೇಡ. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಪಿಸ್ಗಾ ಅನ್ನೋ ಕಪ್ಪು ಲಾವಾ ನೆಲದಲ್ಲಿ ಇರೋ ಊಟಾ (Uta) ಅನ್ನೋ ಜಾತಿಯ ಓತಿಗಳೂ ಕಪ್ಪೇ. ಅವಕ್ಕೆ ನೆಲ ನೋಡಿ ನಿಧಾನವಾಗಿ ಬಣ್ಣ ಬದಲಾಯಿಸೋ ಶಕ್ತಿ ಇದೆ, ಜೊತೆಗೆ ಲಾವಾ ಮೇಲಿನವು ಬೇರೆ ಕಡೆಯವಕ್ಕಿಂತ ಜಾಸ್ತಿ ಕಪ್ಪಾಗೋಕೆ ಜೀನಲ್ಲೂ ವ್ಯತ್ಯಾಸ ಇದೆ ಅಂತ 2018ರ ಸ್ಟಡಿ ತೋರಿಸ್ತು. ಎರಡೂ ಒಟ್ಟಿಗೆ! ಮೊದಲು ಬಣ್ಣ ಬದಲಾಯಿಸೋ ಶಕ್ತಿಯಿಂದ ಹೇಗೋ ಬದುಕಿಕೊಂಡ್ವು, ಆಮೇಲೆ ಜೀನಿನ ವ್ಯತ್ಯಾಸಾನೂ ಬಂದು ಸೇರಿಕೊಂಡಿರಬೇಕು. ಅದಕ್ಕೇ ಹೇಳ್ತೀನಿ, ಎರಡು ಕಡೆಯ ಮೊಟ್ಟೆ ತಂದು ಒಂದೇ ಬಿಸಿ ಒಂದೇ ಊಟ ಕೊಟ್ಟು ಬೆಳೆಸಿ, ಆಗಲೂ ವ್ಯತ್ಯಾಸ ಉಳಿಯುತ್ತಾ ಅಂತ ನೋಡೋ ಪ್ರಯೋಗ ಬಿಡಬೇಡ, ಟೈಮ್ ಹಿಡಿಯುತ್ತೆ ಅಂತ ಗೈಡ್ ಬೇಡ ಅಂದ್ರೂ ಕೇಳಿ ನೋಡು.

ಟೆಕ್ಸಾಸ್‌ನ ಹಸಿರು ಅನೋಲ್ ಅನ್ನೋ ಓತಿಯ ಕಥೆ ನಿಂಗೆ ಗೊತ್ತಿರಬಹುದು, 2013-14ರ ಚಳಿಗಾಲ ಭಯಂಕರ ಆಗಿತ್ತಲ್ಲ. ಶೇನ್ ಕ್ಯಾಂಪ್‌ಬೆಲ್-ಸ್ಟೇಟನ್ ಅನ್ನೋ ವಿಜ್ಞಾನಿ ಅದಕ್ಕೆ ಮುಂಚೆನೇ ಅವುಗಳ ಚಳಿ ತಡೆಯೋ ಶಕ್ತಿ ಅಳೆದಿಟ್ಟಿದ್ರು, ಚಳಿ ಹೋದ್ಮೇಲೆ ಮತ್ತೆ ಅಳೆದ್ರು. ದಕ್ಷಿಣದಲ್ಲಿ ಉಳಿದುಕೊಂಡವು ಉತ್ತರದವುಗಳ ತರ ಚಳಿ ತಡೀತಿದ್ವು, ಯಾವ ಜೀನ್ ಎಷ್ಟು ಕೆಲಸ ಮಾಡುತ್ತೆ ಅನ್ನೋದೂ ಉತ್ತರದವನ್ನೇ ಹೋಲ್ತಿತ್ತು. ಮುಂಚೆ ಅಳೆದಿಡದೆ ಇದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ ಪುಟ್ಟಿ. ನೀನೂ ಫೀಲ್ಡಿಗೆ ಹೋದ ಮೊದಲ ದಿನದಿಂದಲೇ ಬೆಳಗಿನ ನೆಲದ ಬಿಸಿ, ಕಾಲಿನ ಉದ್ದ, ಯಾವ ಕಲ್ಲ ಮೇಲೆ ಕೂತಿತ್ತು, ಎಲ್ಲ ಬರೆದಿಡು, ಉಪಯೋಗ ಇಲ್ಲ ಅನಿಸಿದ್ರೂ ಬರೆದಿಡು. ಜೀನ್ ಓದಿಸೋ ಸೀಕ್ವೆನ್ಸಿಂಗ್ ರಿಪೋರ್ಟ್ ಆಮೇಲೂ ತರಿಸಬಹುದು, ಆ ಬೆಳಗ್ಗೆ ಮತ್ತೆ ಸಿಗಲ್ಲ.

ಆ ಮೊದಲನೇ ಸಾಲು ತಿದ್ದಿ ಪ್ರಪೋಸಲ್ ಇನ್ನೊಂದು ಸಲ ಕಳಿಸು, ಕನ್ನಡಕ ಹಾಕ್ಕೊಂಡು ನಿಧಾನವಾಗಿ ಓದ್ತೀನಿ.

ನಿನ್ನ ದೊಡ್ಡಮ್ಮ