ಅಂಪೈರಿಂಗ್ ಎಂದರೆ ಕೊನೆಯ ಸಾಲೇ?

ಮಾನ್ಯ ಸಂಪಾದಕರೇ,

ನಿವೃತ್ತ ಕ್ರಿಕೆಟಿಗರೊಬ್ಬರನ್ನು ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನವನ್ನು ಓದಿದೆ. ಅವರ ರನ್ನು, ವಿಕೆಟ್ಟುಗಳ ಲೆಕ್ಕಕ್ಕೆ ಲೇಖನದ ಬಹುಪಾಲು ಮೀಸಲಾಗಿದ್ದು, ಅಂಪೈರ್ ಆಗಿ ಅವರು ಕಳೆದ ವರ್ಷಗಳಿಗೆ ದಕ್ಕಿದ್ದು ಕೊನೆಯ ಒಂದು ಸಾಲು ಮಾತ್ರ.

ಎಸ್. ವೆಂಕಟರಾಘವನ್ ಅವರನ್ನು ನಾವು ಇಂದಿಗೂ ಪ್ರಸನ್ನ, ಚಂದ್ರಶೇಖರ್, ಬೇಡಿಯವರ ಜೊತೆಗಾರ ಸ್ಪಿನ್ನರ್ ಎಂದೇ ನೆನೆಯುತ್ತೇವೆ. ಆದರೆ ಅವರು ಆಡಿದ ಟೆಸ್ಟ್‌ಗಳು 57, ಅಂಪೈರ್ ಆಗಿ ನಿಂತ ಟೆಸ್ಟ್‌ಗಳು 73. ನಮ್ಮ ರಾಜ್ಯಕ್ಕೇ ರಣಜಿ ಆಡಿದ ಎ.ವಿ. ಜಯಪ್ರಕಾಶ್ ಅವರು 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತ ಪಂದ್ಯದ ಅಂಪೈರ್ ಆಗಿದ್ದರೆಂಬುದು ಎಷ್ಟು ಜನರಿಗೆ ನೆನಪಿದೆ?

ಶ್ರೀಲಂಕಾದ ಕುಮಾರ ಧರ್ಮಸೇನ ಅವರದಂತೂ ವಿಚಿತ್ರ ಹಾದಿ. 1996ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಈ ಆಫ್ ಸ್ಪಿನ್ನರ್, 1998ರಲ್ಲಿ ತಮ್ಮ ಬೌಲಿಂಗ್ ಶೈಲಿಯ ಬಗ್ಗೆಯೇ ಅನುಮಾನಕ್ಕೆ ಒಳಗಾಗಿ, 2000ದಲ್ಲಿ ಅದರಿಂದ ಪಾರಾಗಿ, 2015ರ ವಿಶ್ವಕಪ್ ಫೈನಲ್‌ನಲ್ಲಿ ಅಂಪೈರ್ ಆಗಿ ನಿಂತರು; ಫೈನಲ್ ಆಡಿಯೂ ಫೈನಲ್‌ಗೆ ತೀರ್ಪು ನೀಡಿಯೂ ಇದ್ದ ಮೊದಲಿಗರು ಅವರೇ. 2019ರ ಫೈನಲ್‌ನಲ್ಲಿ, ಫೀಲ್ಡರ್ ಎಸೆದ ಚೆಂಡು ಇಂಗ್ಲೆಂಡಿನ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋದಾಗ ಐದರ ಬದಲು ಆರು ರನ್ ಕೊಟ್ಟದ್ದು ತಪ್ಪೆಂದು ಬಳಿಕ ಒಪ್ಪಿಕೊಂಡರು. ಫೀಲ್ಡರ್ ಚೆಂಡು ಎಸೆದ ಗಳಿಗೆಯಲ್ಲಿ ಬ್ಯಾಟರ್‌ಗಳಿಬ್ಬರೂ ಒಬ್ಬರನ್ನೊಬ್ಬರು ದಾಟಿದ್ದರೇ ಎಂಬುದನ್ನು ಬರಿಗಣ್ಣಿನಿಂದ ನೋಡಿ ಹೇಳಬೇಕಾದ ಕೆಲಸವದು. ಬ್ಯಾಟರ್ ಕ್ಯಾಚ್ ಕೊಟ್ಟು ಔಟಾದರೆ ಮುಂದಿನ ಇನಿಂಗ್ಸ್ ಇರುತ್ತದೆ, ಅಂಪೈರ್‌ಗೆ ಅದೂ ಇಲ್ಲ.

ಇನ್ನು ನಮ್ಮ ಊರ ಕಡೆಯ ಮಾತು. ರಾಯಚೂರಿನಲ್ಲಿ ಹುಟ್ಟಿ, ರೈಲ್ವೇಸ್ ಹಾಗೂ ಕರ್ನಾಟಕಕ್ಕೆ ಆಡಿ, ಮುಂದೆ ರಾಜ್ಯ ತಂಡದ ಕೋಚ್ ಆದ ಯರೇಗೌಡರಂತೆ ಆಗಬೇಕೆಂದು ಕನಸು ಕಾಣುವ ಹುಡುಗರನ್ನು ದೈಹಿಕ ಶಿಕ್ಷಣ ಶಿಕ್ಷಕನಾಗಿ ನಾನು ಹಲವರನ್ನು ಕಂಡಿದ್ದೇನೆ. ಅಂಪೈರ್ ಆಗುತ್ತೇನೆಂದ ಒಬ್ಬನೂ ಇಲ್ಲ. ಅದು ಅವರ ತಪ್ಪಲ್ಲ. ಬೇಸಿಗೆ ಬಿಸಿಲೇರುವ ಮುನ್ನ ಮುಗಿಸಿಬಿಡುವ ನಮ್ಮ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಮೊದಲು ಔಟಾದವನನ್ನೇ ಅಂಪೈರ್ ಆಗಿ ನಿಲ್ಲಿಸುತ್ತಾರೆ, ಜಗಳ ಬೇಡವೆಂದು, ವಿಕೆಟ್ಟಿಗೆ ಹೋಗುವ ಚೆಂಡನ್ನು ಕಾಲು ತಡೆದಾಗ ಕೊಡುವ ಔಟನ್ನು, ಅಂದರೆ ಎಲ್‌ಬಿಡಬ್ಲ್ಯುವನ್ನೇ ಆಟದಿಂದ ತೆಗೆದುಹಾಕುತ್ತಾರೆ. (ಆ ಷರತ್ತಿಗೆ ನಾನೂ ಎಷ್ಟೋ ಸಲ ತಲೆಯಾಡಿಸಿದ್ದೇನೆ.) ಹೀಗೆ ಬೆಳೆದವನಿಗೆ ಅಂಪೈರಿಂಗ್ ಒಂದು ಶಿಕ್ಷೆಯಾಗಿ ಕಂಡರೆ ಆಶ್ಚರ್ಯವೇನು?

ಮೂವತ್ತರ ಆಚೀಚೆಗೆ ಆಟ ನಿಲ್ಲಿಸುವ ನಮ್ಮ ಲೀಗ್ ಆಟಗಾರರಿಗೆ ಆಟದ ನಿಯಮಗಳ ತರಗತಿಯನ್ನೂ ಅಂಪೈರಿಂಗ್ ಪರೀಕ್ಷೆಯ ತಯಾರಿಯನ್ನೂ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯವು ಬಳ್ಳಾರಿ, ಕೊಪ್ಪಳಗಳಲ್ಲಿಯೂ ಪ್ರತಿವರ್ಷ ನಡೆಸಲಿ. ತಾವೂ ಜಿಲ್ಲಾ ಪಂದ್ಯಗಳ ಸ್ಕೋರಿನ ಕೆಳಗೆ ಅಂಪೈರ್‌ಗಳಿಬ್ಬರ ಹೆಸರನ್ನು ಅಚ್ಚು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ರಾಯಚೂರು