ಮಂಜನಿಗೆ: ನಿನ್ನ ಡಯಟ್ ಚಾರ್ಟ್ ತಲುಪಿತು

ಲೋ ಮಂಜಾ,

ನನ್ನ ಸುಸ್ತಿನ ಕಾಯಿಲೆಗೆ ಅಂತ ನೀನು ಕಳಿಸಿದ ಡಯಟ್ ಚಾರ್ಟ್ ನೋಡಿದೆ. ಆರಕ್ಕೆ ನೆನೆಸಿದ ಬಾದಾಮಿ, ಏಳಕ್ಕೆ ಸೋರೆಕಾಯಿ ಜ್ಯೂಸು, ಎಂಟಕ್ಕೆ ಮೊಳಕೆ ಕಾಳು, ಹತ್ತಕ್ಕೆ ಐದು ಬಣ್ಣದ ತರಕಾರಿ. ಓದಿ ಮುಗಿಸುವಷ್ಟರಲ್ಲೇ ಮಲಗಬೇಕು ಅನ್ನಿಸಿತು. ತಮಾಷೆ ಮಾಡುತ್ತಿಲ್ಲ ಮಾರಾಯ. ಬಾದಾಮಿ ನೆನೆಸೋಕೆ ಹಿಂದಿನ ರಾತ್ರಿ ನೆನಪಾಗಬೇಕು, ಬೆಳಿಗ್ಗೆ ಸಿಪ್ಪೆ ಸುಲಿಯಬೇಕು, ಸೋರೆಕಾಯಿ ತರೋಕೆ ಮೂರನೇ ಮಹಡಿಯಿಂದ ಇಳಿಯಬೇಕು, ಇಳಿದ ಮೇಲೆ ಹತ್ತಲೂಬೇಕು. ಆ ಚಾರ್ಟ್ ಬರೆದ ಪುಣ್ಯಾತ್ಮರ ಮನೆಯಲ್ಲಿ ಲಿಫ್ಟ್ ಇದೆ, ಇಲ್ಲವೇ ಅಡುಗೆಯವರಿದ್ದಾರೆ.

ಇದನ್ನು ಎಲ್ಲರ ಮುಂದೆ ಯಾಕೆ ಬರೆಯುತ್ತಿದ್ದೀಯ ಅಂತ ಕೇಳಬೇಡ. ಚಾರ್ಟ್ ಕಳಿಸುವವನು ನೀನೊಬ್ಬನೇ ಅಲ್ಲ. ಒಂದೇ ಸಲ ಎಲ್ಲರಿಗೂ ಉತ್ತರ ಕೊಟ್ಟರೆ ನನಗೂ ಸ್ವಲ್ಪ ಶಕ್ತಿ ಉಳಿಯುತ್ತದೆ. ಕುಂದಾಪುರದ ಛತ್ರಿ ವಿಷಯ ಎತ್ತುವುದಿಲ್ಲ, ಧೈರ್ಯವಾಗಿ ಓದು.

ಹೋದ ಸಲ ಫೋನ್ ಮಾಡಿದಾಗ ನೀನು ‘ವಿಟಮಿನ್ ಬಿ12 ನೋಡಿಸಿದೆಯಾ’ ಅಂದೆ. ನೋಡಿಸಿದೆ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಲಿವರ್, ಕಿಡ್ನಿ ಎಲ್ಲ ಆಯಿತು. (ಸದಾ ಸುಸ್ತು ಅನ್ನುವವರು ಮೊದಲು ಅದನ್ನೆಲ್ಲ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಮಾಮೂಲು, ಅದಕ್ಕೆ ಔಷಧಿ ಇದೆ.) ನನ್ನದು ಎಲ್ಲವೂ ನಾರ್ಮಲ್. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೂಡ ಇಷ್ಟು ಚೆನ್ನಾಗಿರಲಿಲ್ಲ. ನನಗಿರುವುದು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತಿನ ಕಾಯಿಲೆ. ಅದಕ್ಕೆ ಇಂಥದ್ದು ಅಂತ ಒಂದು ರಕ್ತಪರೀಕ್ಷೆ ಇಲ್ಲ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅದರ ಲಕ್ಷಣಗಳ ಒಂದು ಪಟ್ಟಿ ಕೊಟ್ಟಿತು, ಡಾಕ್ಟರು ಅದನ್ನಿಟ್ಟುಕೊಂಡೇ ಒಂದೊಂದಾಗಿ ಕೇಳಿದರು. ಆರು ತಿಂಗಳಾದರೂ ಬಿಡದ ಸುಸ್ತು. ಎಷ್ಟು ಮಲಗಿದರೂ ಹೋಗದ ದಣಿವು. ಓದಿದ ಸಾಲನ್ನೇ ಮತ್ತೆ ಓದೋದು, ಇಲ್ಲವೇ ನಿಂತರೆ ತಲೆ ತಿರುಗೋದು. ನನಗೆ ಎರಡೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ ಕೆಲಸಕ್ಕೆ ಆಮೇಲೆ ಬೀಳುವ ಹೊಡೆತ.

ಆ ಹೊಡೆತವೇ ವಿಚಿತ್ರ. ಆವತ್ತೇ ಬೀಳುವುದಿಲ್ಲ. ಇವತ್ತು ಚೆನ್ನಾಗಿದ್ದೇನೆ ಅಂತ ಭಾನುವಾರ ಉತ್ಸಾಹದಲ್ಲಿ ಮುದ್ದೆ ತಿರುವಿದರೆ ಮಂಗಳವಾರ ಹಾಸಿಗೆಯಿಂದ ಏಳೋಕಾಗುವುದಿಲ್ಲ. ನೋಡಿದವರಿಗೆ ಭಾನುವಾರದ ನಾನು ಮಾತ್ರ ಕಾಣುತ್ತೇನೆ. ‘ಚೆನ್ನಾಗೇ ಇದ್ದೀಯಲ್ಲಪ್ಪಾ’ ಅನ್ನುತ್ತಾರೆ.

ಊಟದ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಬ್ರಿಟನ್ನಿನ ನೈಸ್ ಅನ್ನುವ ಸಂಸ್ಥೆ ಈ ಕಾಯಿಲೆಗೆ ಹೊಸ ಮಾರ್ಗಸೂಚಿ ತಂದಿತು. ವ್ಯಾಯಾಮವನ್ನು ದಿನಾ ಇಷ್ಟಿಷ್ಟೇ ಏರಿಸುತ್ತಾ ಹೋಗಿ ವಾಸಿ ಮಾಡುವ ಪದ್ಧತಿ ಬೇಡ, ಇರುವ ಶಕ್ತಿಯೊಳಗೇ ದಿನ ಹೊಂದಿಸಿಕೊಳ್ಳಿ ಅಂದರು. (‘ದಿನಾ ವಾಕಿಂಗ್ ಮಾಡು, ಎಲ್ಲ ಸರಿಹೋಗುತ್ತೆ’ ಅನ್ನುವ ಬಂಧುಗಳು ದಯವಿಟ್ಟು ಇದನ್ನು ಎರಡು ಸಲ ಓದಿ.) ಊಟದ ಬಗ್ಗೆಯೂ ಅದರಲ್ಲಿದೆ. ಇಂಥದ್ದೇ ಡಯಟ್ ಮಾಡಿ ಅನ್ನೋಕೆ ಸಾಕಷ್ಟು ಆಧಾರ ಇಲ್ಲ, ಎಲ್ಲವನ್ನೂ ಹದವಾಗಿ ತಿನ್ನಿ, ಚೆನ್ನಾಗಿ ನೀರು ಕುಡಿಯಿರಿ, ಮನೆಯಲ್ಲೇ ಇರುವವರಿಗೆ ವಿಟಮಿನ್ ಡಿ ಕಡಿಮೆಯಾಗಬಹುದು. ವಿಟಮಿನ್ ಡಿ ಒಂದು ಬಿಟ್ಟರೆ ಎಲ್ಲ ನಮ್ಮಜ್ಜಿ ಹೇಳುತ್ತಿದ್ದದ್ದೇ. ಹಾಗಾಗಿ ಸೋರೆಕಾಯಿ ಜ್ಯೂಸು ಕುಡಿದ ತಕ್ಷಣ ನಾನು ಎದ್ದು ಚಾಮುಂಡಿ ಬೆಟ್ಟ ಹತ್ತುವುದಿಲ್ಲ. ಹಾಗಂತ ಬ್ರೆಡ್ಡು, ಬಿಸ್ಕತ್ತು, ಟೀ ಮೇಲೆ ದಿನ ದೂಡಿದರೆ ಇರುವ ಸುಸ್ತಿನ ಜೊತೆ ರಕ್ತಹೀನತೆಯೂ ಬಂದು ಕೂರುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಗೊತ್ತಾ? ನಿಂಬೆಹಣ್ಣು ಹಿಂಡಿದರೆ ಹತ್ತುತ್ತದೆ.

ನಿನ್ನ ಚಾರ್ಟಿನಲ್ಲಿ ಕ್ಯಾಲರಿ ಇದೆ, ಪ್ರೋಟೀನ್ ಇದೆ, ಫೈಬರ್ ಇದೆ. ಒಲೆ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಮಾತ್ರ ಇಲ್ಲ. ನಾನೀಗ ಅಡುಗೆಯನ್ನು ಆ ಲೆಕ್ಕದಲ್ಲೇ ನೋಡೋದು. ಬಸ್ಸಾರು ಅಂದರೆ ಸೊಪ್ಪು ಬಿಡಿಸು, ತೊಳೆ, ಕಾಳಿನ ಜೊತೆ ಬೇಯಿಸು, ಬಸಿ, ಖಾರ ರುಬ್ಬು, ಕುದಿಸು, ಪಲ್ಯಕ್ಕೆ ಬೇರೆ ಒಗ್ಗರಣೆ ಹಾಕು. ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಆದರೆ ನಾನು ಅದನ್ನು ತಿನ್ನುವ ಮೊದಲು ಅದೇ ನನ್ನನ್ನು ತಿಂದಿರುತ್ತದೆ. ಮುದ್ದೆ ಕೈಬಿಟ್ಟು ಅಂಬಲಿ ಹಿಡಿದೆ. ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು, ಆರಿದ ಮೇಲೆ ಮಜ್ಜಿಗೆ, ಉಪ್ಪು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮುದ್ದೆ ಮಾಡದೆ ಅಂಬಲಿ ಮಾಡಿದೆ ಅಂತ ರಾಗಿಯೇನೂ ಕೋಪ ಮಾಡಿಕೊಳ್ಳುವುದಿಲ್ಲ. ಹೆಸರುಬೇಳೆ ನೆನೆಸಿ ಕೋಸಂಬರಿ, ಅದಕ್ಕೆ ಒಲೆಯೇ ಬೇಡ. ಇಲ್ಲವೇ ಅಕ್ಕಿ, ಬೇಳೆ, ಕ್ಯಾರೆಟ್, ಬೀನ್ಸ್ ಎಲ್ಲ ಒಂದೇ ಕುಕ್ಕರಿಗೆ ಹಾಕಿ ವಿಷಲ್ ಬರುವ ತನಕ ಮಲಗೋದು. ನಿಂತರೆ ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಅದಕ್ಕೆ ಅಟ್ಟದಿಂದ ಈಳಿಗೆಮಣೆ ಇಳಿಸಿದ್ದೇನೆ. ನೆಲದ ಮೇಲೆ ಕೂತು ಹೆಚ್ಚುತ್ತೇನೆ. ಬಿಪಿ ಕಡಿಮೆ ಇರುವುದರಿಂದ ಡಾಕ್ಟರು ನೀರು, ಉಪ್ಪು ಎರಡೂ ಸ್ವಲ್ಪ ಜಾಸ್ತಿ ತಗೊಳ್ಳಿ ಅಂದಿದ್ದಾರೆ. ಇದು ನನಗೆ ಹೇಳಿದ್ದು. ಬಿಪಿ ಜಾಸ್ತಿ ಇರುವವರು ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡಿ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು.

ಮೊನ್ನೆ ಅಮ್ಮ ಕೆ.ಆರ್.ಪೇಟೆಯಿಂದ ಬಂದಳು, ಸೊಗಡಿನ ಅವರೆಕಾಯಿ ಒಂದು ಚೀಲ ಹೊತ್ತುಕೊಂಡು. ಆ ಮೂರು ಮಹಡಿ ಹತ್ತಿ. ನಾನು ಅಂಬಲಿ ಕುಡಿದುಕೊಂಡು ಬಿದ್ದಿದ್ದೇನೆ ಅಂತ ಯಾರೋ ಹೇಳಿದ್ದರಂತೆ (ನೀನೇ ಅಂತ ಗೊತ್ತು). ಕಾಳು ಬಿಡಿಸಿ ನೆನೆಹಾಕಿದಳು. ಬೆಳಿಗ್ಗೆ ಪಾತ್ರೆ ಮುಂದಿಟ್ಟುಕೊಂಡು ಹಿತುಕೋಕೆ ಕೂತಳು. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಸಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅವಳು ಕೈ ಕಡೆ ನೋಡುವುದೇ ಇಲ್ಲ. ಸೀರಿಯಲ್ ನೋಡುತ್ತಾಳೆ, ಅದರೊಳಗಿನ ಅತ್ತೆಗೆ ಬೈಯುತ್ತಾಳೆ, ಮಧ್ಯೆ ಚಿಕ್ಕಮ್ಮನಿಗೆ ಫೋನು, ಬೆರಳು ಅದರ ಪಾಡಿಗೆ ಅದು ನಡೆದೇ ಇರುತ್ತದೆ. ನಾನೂ ಕೂತೆ. ಒಂದು ಹಿಡಿ ಆಗುವಷ್ಟರಲ್ಲಿ ತೋಳು ಎತ್ತೋಕಾಗಲಿಲ್ಲ. ಸುಮ್ನೆ ಗೋಡೆಗೆ ಒರಗಿದೆ.

ಅವಳು ಎದ್ದಳು. ಸಾರು ಮಾಡಿದಳು, ಮುದ್ದೆ ತಿರುವಿದಳು, ಪಾತ್ರೆ ತೊಳೆದಳು, ಕೆಳಗಿನ ಮನೆಯವರಿಗೆ ಒಂದು ಬಟ್ಟಲು ಕೊಟ್ಟು ಬಂದಳು. ಹತ್ತಿ ಬಂದು ಸೆರಗಲ್ಲಿ ಮುಖ ಒರೆಸಿಕೊಂಡು ‘ರಾತ್ರಿಗೆ ಏನ್ ಮಾಡ್ಲಿ?’ ಅಂದಳು.

ನನಗೆ ಹೊಟ್ಟೆಕಿಚ್ಚಾಯಿತು ಕಣೋ. ಎಪ್ಪತ್ತರ ಹತ್ತಿರ ಬಂದಿರುವ ನನ್ನ ಅಮ್ಮನ ಮೇಲೆ. ಮಂಡಿನೋವು ಅನ್ನುತ್ತಲೇ ಮೂರು ಮಹಡಿ ಹತ್ತುವ ಅವಳ ಕಾಲಿನ ಮೇಲೆ. ಸಾರು ಎರಡು ಸಲ ಬಡಿಸಿಕೊಂಡು ತಿಂದೆ, ತಿನ್ನುತ್ತಿರುವಾಗಲೂ ಅದು ಹೋಗಲಿಲ್ಲ. ವಯಸ್ಸಾದ ಮೇಲೆ ನಾನು ಅವಳನ್ನು ನೋಡಿಕೊಳ್ಳುತ್ತೇನೆ ಅಂತಲ್ಲವಾ ನಾವೆಲ್ಲ ಅಂದುಕೊಂಡಿದ್ದು? ಊರಿಗೆ ಹೊರಡುವ ಹಿಂದಿನ ರಾತ್ರಿ ಅವಳು ಫ್ರಿಜ್ಜಿನಲ್ಲಿ ಡಬ್ಬಿ ಜೋಡಿಸುತ್ತಿದ್ದಳು, ಇದು ನಾಳೆಗೆ, ಇದು ನಾಡಿದ್ದಿಗೆ ಅಂತ ಹೇಳುತ್ತಾ, ನಾನು ಹೂಂ ಅನ್ನುತ್ತಾ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಹಾಕುತ್ತಿದ್ದೆ, ಇನ್ನೆಷ್ಟು ಅವರೆಕಾಯಿ ಕಾಲ ಇವಳು ಈ ಚೀಲ ಹೊತ್ತು ಬರಬಹುದು ಅಂತ. ಅವಳಿಗೇನೂ ಆಗದಿರಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತೇನಲ್ಲ, ಅದರಲ್ಲಿ ಅವಳಿಗೋಸ್ಕರ ಎಷ್ಟು, ನನ್ನ ಊಟಕ್ಕೋಸ್ಕರ ಎಷ್ಟು ಅಂತ ಕೇಳಬೇಡ. ಕೇಳಿದರೆ ನಿಜ ಹೇಳಿಬಿಡುತ್ತೇನೇನೋ.

ಥೂ, ಎಲ್ಲಿಂದ ಎಲ್ಲಿಗೋ ಹೋಯಿತು. ನಿನ್ನ ಬಾದಾಮಿಯ ತಪ್ಪು ಇದು. ಅಮ್ಮ ಇದನ್ನೆಲ್ಲ ಓದುವುದಿಲ್ಲ, ಆದರೆ ಚಿಕ್ಕಮ್ಮ ಓದುತ್ತಾಳೆ. ಚಿಕ್ಕಮ್ಮಾ, ಓದಿದ್ದರೆ ಒಂದು ಹೃದಯ ಒತ್ತಿ ಸುಮ್ಮನಾಗಿಬಿಡು, ಅಕ್ಕನಿಗೆ ಫೋನ್ ಮಾಡಬೇಡ.

ಮುಂದಿನ ತಿಂಗಳು ಬರುತ್ತೀನಿ ಅಂದಿದ್ದೀಯ, ಬಾ. ಹಣ್ಣು ತರುವುದಾದರೆ ಹೆಚ್ಚಿಸಿಕೊಂಡೇ ತಾ, ಇಡೀ ಪಪ್ಪಾಯಿ ಹಿಡಿದುಕೊಂಡು ಬಂದರೆ ಬಾಗಿಲು ತೆಗೆಯುವುದಿಲ್ಲ. ತಿಂಡಿಗೆ ಹೋಟೆಲಿನಿಂದ ಇಡ್ಲಿ ತರಿಸೋಣ. ನಾನು ಮಧ್ಯದಲ್ಲಿ ಎದ್ದು ಮಲಗಿದರೆ ಬೇಜಾರು ಮಾಡಿಕೊಳ್ಳದೆ ಟಿವಿ ನೋಡುತ್ತಿರು. ನಾಲ್ಕನೇ ಇಡ್ಲಿ ವಿಷಯದಲ್ಲಿ ಮಾತ್ರ ರಾಜಿ ಇಲ್ಲ, ಕಾಯಿಲೆ ಬೇರೆ, ಅದು ಬೇರೆ.

ನಿನ್ನ,
ಮೂರನೇ ಮಹಡಿಯ ಮಹಾರಾಜ