ಅವ್ವಾ, ಹಗ್ಗದ ವಿಷಯ ಫೋನಿನಲ್ಲಿ ಹೇಳಿರಲಿಲ್ಲ

ಸಾಲ್ಟ್ ಲೇಕ್ ಸಿಟಿ
ಅಕ್ಟೋಬರ್ ಕೊನೆಯ ವಾರ

ಅವ್ವಾ,

ನಾನು ಕ್ಷೇಮ. ಎಡ ಮೊಣಕಾಲು ಸ್ವಲ್ಪ ತರಚಿದೆ. ಹೇಗೆ ಅಂತ ಮುಂದೆ ಬರೆದಿದ್ದೇನೆ, ಈಗಲೇ ಗಾಬರಿ ಆಗಬೇಡ.

"ಗೆಳೆಯರ ಜೊತೆ ಸುಮ್ನೆ ಸುತ್ತಾಡಿ ಬರ್ತೀನಿ" ಅಂತ ಫೋನಿನಲ್ಲಿ ಹೇಳಿದ್ದೆ ಅಲ್ವಾ? ಪೂರ್ತಿ ಹೇಳಿದ್ದರೆ ನೀನು ಬನಶಂಕರಿಗೆ ಹರಕೆ ಹೊತ್ತು ಕೂರುತ್ತಿದ್ದೆ. ಈಗ ಎಲ್ಲ ಮುಗಿದಿದೆ, ಹೇಳುತ್ತೇನೆ.

ನಾವು ನಾಲ್ವರು ಹೋಗಿದ್ದು ಮೋಯಾಬ್ ಎಂಬ ಊರಿಗೆ. ಇಲ್ಲಿಂದ ಕಾರಿನಲ್ಲಿ ನಾಲ್ಕು ತಾಸು. ಸುತ್ತ ಮರುಭೂಮಿ. ಮರಳಿಗಿಂತ ಕಲ್ಲೇ ಜಾಸ್ತಿ, ಅದೂ ಕೆಂಪು ಕಲ್ಲು. ಕಾರಿನಿಂದ ಇಳಿದ ಕೂಡಲೇ ನಮ್ಮ ಬಾದಾಮಿ ಗುಡ್ಡ ಕಂಡ ಹಾಗಾಯಿತು. ಮಂಗಗಳಿಲ್ಲ, ಅಷ್ಟೇ. ಮೊದಲ ದಿನ ಸೈಕಲ್ ಹೊಡೆದ ಬಂಡೆಗೆ ಸುಮಾರು 19 ಕೋಟಿ ವರ್ಷ ವಯಸ್ಸು. ಒಂದು ಕಾಲದಲ್ಲಿ ಮರಳ ದಿಬ್ಬ ಆಗಿತ್ತಂತೆ. ಗೆಳೆಯರು ಬಾಯಿ ಬಿಟ್ಟುಕೊಂಡು ಕೇಳಿದರು. ನಮ್ಮೂರ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು ಅಂತ ಹೇಳದೆ ನಾನು ಬಿಡಲಿಲ್ಲ.

ಆ ಸೈಕಲ್ ದಾರಿಯ ಹೆಸರು ಸ್ಲಿಕ್‌ರಾಕ್. ಸುಮಾರು 17 ಕಿಲೋಮೀಟರ್ ಸುತ್ತು. ದಾರಿ ಅನ್ನುವಂಥದ್ದು ಏನೂ ಇಲ್ಲ. ಬಂಡೆಯ ಮೇಲೆ ಬಿಳಿ ಗೆರೆ ಎಳೆದಿದ್ದಾರೆ, ಅದನ್ನೇ ಹಿಡಿದು ಹೋಗಬೇಕು. ಹಿಂದಿನವರ ಕುದುರೆ ಲಾಳ ಇಲ್ಲಿ ಜಾರುತ್ತಿತ್ತು, ಅದಕ್ಕೆ ಜಾರುಬಂಡೆ ಅಂತ ಹೆಸರು. ಸೈಕಲ್ ಟೈರು ಮಾತ್ರ ಅಂಟು ಹಾಕಿದ ಹಾಗೆ ಹಿಡಿಯುತ್ತದೆ. ನಾನು ಜಾರಿ ಬೀಳಲಿಲ್ಲ. ಏರಿನಲ್ಲಿ ದಮ್ಮು ಕಟ್ಟಿತು, ಸೈಕಲ್ ನಿಂತಿತು, ಪಕ್ಕಕ್ಕೆ ವಾಲಿದೆ. ಮೊಣಕಾಲಿನ ಕಥೆ ಇಷ್ಟೇ.

ಬಂಡೆ ಬಿಟ್ಟು ಮಣ್ಣಿನ ಮೇಲೆ ಕಾಲಿಡುವಂತಿಲ್ಲ. ಕೆಲವು ಕಡೆ ಮಣ್ಣು ಸೀದ ರೊಟ್ಟಿಯ ಹಾಗೆ ಕಪ್ಪಗೆ ಉಬ್ಬಿರುತ್ತದೆ. ಅದಕ್ಕೆ ಜೀವ ಇದೆ. ಪಾಚಿಯಂಥವು ಸೇರಿ ಮರಳನ್ನು ಹಿಡಿದಿಟ್ಟಿರುತ್ತವೆ. ಒಂದು ಹೆಜ್ಜೆ ಬಿದ್ದರೂ ಸರಿಹೋಗಲು ಹತ್ತಾರು ವರ್ಷ ಬೇಕು.

ನೀನು ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಅಲ್ಲೇ ಖಾಲಿ. ರೊಟ್ಟಿ ಚೀಲದಲ್ಲಿ ಪುಡಿಪುಡಿಯಾಗಿತ್ತು, ಮುಷ್ಟಿಗಟ್ಟಲೆ ತಿಂದೆವು. "ಇದು ನಮ್ಮ ತೋಸ್ತಾದಾ ತಂಗಿ" ಅಂದಳು ಮೆಕ್ಸಿಕೋದ ಗೆಳತಿ. ಅವರದು ಮೆಕ್ಕೆಜೋಳದ್ದು.

ಎರಡನೇ ದಿನ ಕೊಲರಾಡೊ ನದಿ, ಗಾಳಿ ತುಂಬಿದ ದೋಣಿ. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ಕೆಂಪನೆಯದು ಅಂತ ಅರ್ಥವಂತೆ. ಮಲಪ್ರಭೆಗೆ ಹೊಸ ನೀರು ಬಂದಾಗ ಇರುತ್ತದಲ್ಲ, ಹಾಗೆ. ಈ ತಿಂಗಳಲ್ಲಿ ನೀರು ಕಡಿಮೆ. ಬಟ್ಟೆ ಒದ್ದೆಯಾಯಿತು, ಹೆಚ್ಚೇನಿಲ್ಲ.

ಮುಚ್ಚಿಟ್ಟಿದ್ದು ಮೂರನೇ ದಿನದ್ದು. ಅಲ್ಲಿ ಗ್ರ್ಯಾಂಡ್‌ಸ್ಟಾಫ್ ಅಂತ ಒಂದು ಕಣಿವೆ ಇದೆ. 1870ರ ದಶಕದಲ್ಲಿ ಅಲ್ಲಿ ದನ ಸಾಕಿಕೊಂಡಿದ್ದ ಒಬ್ಬ ಕಪ್ಪು ವರ್ಣೀಯನ ಹೆಸರು ಅದು. ಮೇಲಿನಿಂದ ಹಗ್ಗದಲ್ಲಿ ಇಳಿಯಬೇಕು, ಎರಡು ಸಲ, ಒಂದೊಂದೂ ಸುಮಾರು 100 ಅಡಿ. ಎರಡನೇ ಸಲ ಪಕ್ಕದಲ್ಲೇ ತಾನಾಗಿ ಆದ ಕಲ್ಲಿನ ಸೇತುವೆ, 243 ಅಡಿ ಉದ್ದ. ಅದನ್ನು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿದರು. ಗೈಡ್ ಹುಡುಗಿ ಎರಡು ಸಲ ಎಳೆದು ನೋಡಿದಳು. "ಹಿಂದಕ್ಕೆ ವಾಲಿ ಕೂತುಕೋ" ಅಂದಳು. ಎಲ್ಲಿ ಕೂರುವುದು, ಗಾಳಿ ಮೇಲಾ? ಕಾಲು ಅಂಚು ಬಿಡಲಿಲ್ಲ. ಬಲಗೈ ಎಷ್ಟು ಬಿಗಿ ಹಿಡಿದಿತ್ತು ಅಂದರೆ ಹಗ್ಗ ಒಂದಿಂಚೂ ಸರಿಯಲಿಲ್ಲ. ಮೊಣಕಾಲಿನ ಬ್ಯಾಂಡೇಜು ನಡುಗುವುದು ಕಣ್ಣಿಗೇ ಕಾಣುತ್ತಿತ್ತು.

ಆಗ ಕಾಕಾ ನೆನಪಾದರು. ಹಿತ್ತಲ ಬಾವಿಗೆ ಕೊಡ ಬಿದ್ದು, ಪಾತಾಳಗರಡಿಗೂ ಸಿಗದಿದ್ದರೆ ಇಳಿಯುತ್ತಿದ್ದದ್ದು ಅವರೇ ಅಲ್ವಾ? ಪಟ್ಟಿ ಇಲ್ಲ, ಹೆಲ್ಮೆಟ್ ಇಲ್ಲ, ಕಚ್ಚೆ ಬಿಗಿದು ಒಂದು ಹಗ್ಗ. "ಕಾಲು ಗೋಡೆಗೆ ಊರಬೇಕು, ಗೋಡೆ ತಬ್ಬಿಕೊಂಡವನು ಜಾರುತ್ತಾನೆ" ಅನ್ನುತ್ತಿದ್ದರು. ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದೂ ಅದನ್ನೇ! ಪಾದ ಎರಡನ್ನೂ ಅಗಲಿಸಿ ಕಲ್ಲಿಗೆ ಊರಿದೆ, ವಾಲಿದೆ. ಹಗ್ಗ ಸರಿಯಿತು.

ಸ್ವಲ್ಪ ಇಳಿದ ಮೇಲೆ ಕಲ್ಲೇ ಒಳಕ್ಕೆ ಸರಿದುಬಿಟ್ಟಿತು. ಕಾಲಿಗೆ ಏನೂ ಸಿಗಲಿಲ್ಲ. ಬುಗುರಿಯ ಹಾಗೆ ಮೆಲ್ಲಗೆ ತಿರುಗುತ್ತಾ ಕೆಳಗೆ ಬಂದೆ. ಇದನ್ನು ಕಾಕಾ ಹೇಳಿಕೊಟ್ಟಿರಲಿಲ್ಲ. ಕೆಳಗೆ ಗೆಳೆಯ ಹಗ್ಗದ ತುದಿ ಹಿಡಿದು ನಿಂತಿದ್ದ. ನಾನು ಕೈಬಿಟ್ಟರೂ ಅವನು ಜಗ್ಗಿದರೆ ಸಾಕು, ಇದ್ದಲ್ಲೇ ನಿಲ್ಲುತ್ತೇನೆ. ಹಾಗಾಗಿ ಬೀಳುವ ಮಾತಿಲ್ಲ, ನೀನು ಹೆದರಬೇಡ.

ಅಪ್ಪನಿಗೆ ಓದಿ ಹೇಳುವಾಗ ಹಗ್ಗದ ಭಾಗ ಹಾರಿಸು. ಕಾಕಾಗೆ ಪೂರ್ತಿ ಓದು. ಮೊದಲ ಸಲ ಬಾವಿಗೆ ಇಳಿದಾಗ ಅವರ ಕಾಲೂ ನಡುಗಿತ್ತಾ ಅಂತ ಕೇಳಿ, ಭಾನುವಾರ ಫೋನಿನಲ್ಲಿ ಹೇಳು. ರೊಟ್ಟಿ ಇನ್ನೊಂದು ಕಟ್ಟು ಕಳಿಸು, ಈ ಸಲ ನಾಲ್ವರಿಗೆ ಸಾಲುವಷ್ಟು.

ನಿನ್ನ ಮಗ